ಕರ್ಪೂರ ಆರಿಸದ ಸಂಸದರು

ಉರಿಗಾಂನ ಗಣಿ ಕಾರ್ಮಿಕರ ಸಂಘದಿಂದ ಮೇಲೆ ಬಂದ ವೇಲಾಯುಧಂ ದೆಹಲಿಯ ಸಂಸತ್ತಿಗೆ ಮೂರು ಸಲ ಗೆದ್ದು ಹೋದರು. ಯುರೋಪಿನ ಪಾರ್ಲಿಮೆಂಟಿನಲ್ಲೂ ಅತಿಥಿಯಾಗಿ ನಿಂತು ಕಾರ್ಮಿಕರ ಕಣ್ಣೀರಿನ ಬಗ್ಗೆ ಮಾತಾಡಿ, ಆ ಫೋಟೊವನ್ನು ನಮ್ಮ ಮಾರಿಯಮ್ಮನ ಗುಡಿಯ ಗೋಡೆಗೇ ಅಂಟಿಸಿದರು. ತಾಯಿ ಅದನ್ನೂ ಸಹಿಸಿಕೊಂಡಳು. ಗಣಿ ಮುಚ್ಚಿದ ಮೇಲೆ ನಾವಿರುವ, ಗಣಿ ಕಂಪನಿ ಸಾಲಾಗಿ ಕಟ್ಟಿಸಿದ್ದ ಲೈನು ಮನೆಗಳನ್ನು ನಮ್ಮ ಹೆಸರಿಗೆ ಮಾಡಿಸುವ ಮಾತು ಮಾತ್ರ ಅವರ ಬಾಯಿಂದ ಎಲ್ಲಿಯೂ ಹೊರಬಿದ್ದದ್ದನ್ನು ನಾವು ಕೇಳಲಿಲ್ಲ.

ಈ ಸಲ ಓಟು ಕೇಳಲು ಬಂದ ವೇಲಾಯುಧಂ ಗುಡಿಯಲ್ಲಿ ಆರತಿಗೆ ನಿಂತರು. ಗಂಡನನ್ನು ಗಣಿಯಲ್ಲಿ ಕಳೆದುಕೊಂಡ ಇಂದ್ರಾಣಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಅವರ ಮುಂದೆ ಹಿಡಿದಳು. ನಮ್ಮಲ್ಲಿ ಆಣೆ ಎಂದರೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸುವುದು.

“ನಮ್ಮನೆ ನಮ್ ಎಸ್ರಿಗೆ ಮಾಡಿ ಅಂತ ಎಲ್ಲಾದ್ರೂ ಒಂದ್ ಮಾತು ಏಳಿದ್ರೆ, ಇದ್ನ ಆರ್ಸಣ್ಣ.”

“ಅಲ್ಲಿನ ರೀತಿನೇ ಬೇರೆ ಕಣಮ್ಮ. ಸಭೆಗೊಂದು ಮರ್ಯಾದೆ ಅಂತ ಇರ್ತದೆ.”

“ಅಷ್ಟೇನ್ ಸುಡಲ್ಲಣ್ಣ. ಗಣಿ ಒಳಗೆ ಇದ್ಕಿಂತ ಬಿಸಿ ಇತ್ತಂತೆ. ಓ, ನೀನು ಇಳ್ದೇ ಇರ್ಲಿಲ್ಲ ಅಲ್ವಾ.”

ಕರ್ಪೂರ ತಾನಾಗಿಯೇ ಉರಿದು ಮುಗಿಯಿತು. ಸಂಸದರು ಪ್ರಸಾದಕ್ಕೆ ಕೈ ಚಾಚಿದರು. ಪೂಜಾರಿ ಕೊಟ್ಟರು, ಅಮ್ಮನ ಗುಡಿಯಲ್ಲಿ ಎಂಥವನಿಗೂ ಇಲ್ಲ ಎನ್ನುವಂತಿಲ್ಲ. ನಾವು ಭಾಷಣಕ್ಕೆ ನಿಲ್ಲದೆ ಮನೆಗಳಿಗೆ ಹೋದೆವು. ಅವು ಇನ್ನೂ ನಮ್ಮವಲ್ಲ.