ಮೂರನೇ ಬೋಗಿಯ ಬಾಗಿಲು

2019ನೇ ಇಸವಿ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಮಗಳು ನೆಲದ ಮೇಲೆ ಕೂತು ಅಪ್ಪನ ಬಲಗಾಲಿನ ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದಳು. ಎಡಗಾಲಿನದು ಆಗಲೇ ಹೊಳೆಯುತ್ತಿತ್ತು. ಬಲಗಾಲಿನದು ಮಾತ್ರ ಎಷ್ಟು ತಿಕ್ಕಿದರೂ ದಾರಿಗೆ ಬರಲೊಲ್ಲದು. ಅದರ ಮೂತಿ ಚಪ್ಪಟೆಯಾಗಿತ್ತು, ತೊಗಲು ಅಲ್ಲಲ್ಲಿ ಬಿರಿದಿತ್ತು, ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ.

"ಬೇರೆ ಜೊತೆ ಇಲ್ವೇನೇ?" ಎಂದು ಸೋದರತ್ತೆ ಬಾಗಿಲಲ್ಲಿ ನಿಂತು ಕೇಳಿದರು.

"ಇದೇ ಹೊಸದು ಅತ್ತೆ. ಹೋದ ವರ್ಷ ನಾನೇ ತಂದ್ಕೊಟ್ಟಿದ್ದು."

ಅತ್ತೆ ಬೂಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ರಿಟೈರಾದವನು ಹೀಗಾ ಸವೆಸೋದು? ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಅಮ್ಮ ಸುಮ್ನೆ ಅಂತಿರಲಿಲ್ಲ."

ಮಗಳು ಬೂಟನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ತಿಕ್ಕತೊಡಗಿದಳು. ಒಳಕೋಣೆಯಲ್ಲಿ ಅಪ್ಪ ಶವಪೆಟ್ಟಿಗೆಯೊಳಗೆ ಮಲಗಿದ್ದ. ಮೊನ್ನೆ ನಿದ್ದೆಯಲ್ಲೇ ಹೃದಯ ನಿಂತಿತ್ತು. ಯಾರಿಗೂ ಒಂದು ಲೋಟ ನೀರು ತರುವ ಕೆಲಸ ಕೊಡಲಿಲ್ಲ. ಹಾಗೆ ತುಟಿ ಪಿಟಕ್ಕೆನ್ನದೆ ಹೋದದ್ದೇ ಅವಳನ್ನು ಕೊರೆಯುತ್ತಿತ್ತು. ಎರಡು ವರ್ಷದ ಹಿಂದೆ ಅಪ್ಪನ ಕೆಲಸ ಹೋದದ್ದು ಅವಳಿಂದ. ಅದನ್ನು ಅವನು ಹೊಟ್ಟೆಯಲ್ಲಿಟ್ಟುಕೊಂಡೇ ಹೋದನೋ, ಇಲ್ಲವೋ? ಕೇಳಬಹುದಾದವನು ಒಬ್ಬನೇ ಇದ್ದ, ಅವನಿಗೆ ಈಗ ಅವಳು ಬೂಟು ತೊಡಿಸಬೇಕಿತ್ತು.

*

ಆ ನಿಲ್ದಾಣ ಹುಟ್ಟಿದ್ದು ಜನರಿಗಾಗಿ ಅಲ್ಲ, ಇಟ್ಟಿಗೆಗಾಗಿ. ನಗರದ ಅಂಚಿನಲ್ಲಿ ಆಗ ಇದ್ದದ್ದು ಒಂದು ಇಟ್ಟಿಗೆ ಗೂಡು, ಪಕ್ಕದಲ್ಲಿ ಮಣ್ಣು ತೆಗೆದೂ ತೆಗೆದೂ ಆದ ದೊಡ್ಡ ಹೊಂಡ. ಹಳಿ ಹಾಕಿದವರು ಹೊಂಡವನ್ನು ಸುತ್ತಿಕೊಂಡು ಹೋದರು. ಹಳಿ ಡೊಂಕಾಯಿತೆಂದು ಇಟ್ಟಿಗೆಗೇನು ಬಾಧೆ? ಆಮೇಲೆ ಅದೇ ಇಟ್ಟಿಗೆಯಲ್ಲಿ ಮನೆಗಳೆದ್ದವು, ಮನೆಗಳಿಗೆ ಜನ ಬಂದರು, ಆ ಜನಕ್ಕೆಲ್ಲ ನಗರದಲ್ಲಿ ಕೆಲಸ. ಗೂಡು ಆರಿತು. ಹೊಂಡ ಮುಚ್ಚಿ ಅದರ ಮೇಲೆ ಸೈಕಲ್ ಸ್ಟ್ಯಾಂಡ್ ಬಂತು. ಡೊಂಕು ಮಾತ್ರ ಉಳಿಯಿತು.

ಒಂದನೇ ಪ್ಲಾಟ್‌ಫಾರ್ಮ್ ಆ ತಿರುವಿನ ಹೊರಮಗ್ಗುಲಿಗಿತ್ತು. ಬಾಗಿದ ಹಳಿಯ ಮೇಲೆ ನೇರವಾದ ಬೋಗಿ ನಿಂತರೆ ಎರಡು ತುದಿಗಳು ಹೊರಕ್ಕೆ ಚಾಚುತ್ತವೆ, ನಡು ಒಳಕ್ಕೆ ಸರಿದು ಪ್ಲಾಟ್‌ಫಾರ್ಮಿಗೂ ಅದಕ್ಕೂ ನಡುವೆ ಸಂದು ಬಿಡುತ್ತದೆ. ಬಾಗಿಲಿದ್ದದ್ದು ನಡುವಿನಲ್ಲಿ. ತಿರುವು ಎಲ್ಲಕ್ಕಿಂತ ಬಿಗಿಯಾಗಿದ್ದದ್ದು ಮೂರನೇ ಬೋಗಿ ನಿಲ್ಲುವಲ್ಲಿ, ಮೇಲ್ಸೇತುವೆಯ ಮೆಟ್ಟಿಲು ಬಂದು ಇಳಿಯುತ್ತಿದ್ದದ್ದೂ ಅಲ್ಲಿಗೇ. ಹಾಗಾಗಿ ಎಲ್ಲಿ ಸಂದು ದೊಡ್ಡದೋ ಅಲ್ಲಿಗೇ ಜನ ಮುಗಿಬೀಳುತ್ತಿದ್ದರು. ಸಾಲದ್ದಕ್ಕೆ ಪ್ಲಾಟ್‌ಫಾರ್ಮ್ ಬೋಗಿಗಿಂತ ಒಂದು ಮೆಟ್ಟಿಲಷ್ಟು ತಗ್ಗು. ಇಳಿಯುವವರು ಕಾಲನ್ನು ದೂರಕ್ಕೂ ಹಾಕಬೇಕು, ಕೆಳಕ್ಕೂ ಹಾಕಬೇಕು.

ಅಲ್ಲಿ ಅಪ್ಪನನ್ನು ನಿಲ್ಲಿಸಿದ್ದರು. ಬಂಡಿ ಬಂದಾಗ ಕೈ ಚಾಚಿ "ಹುಷಾರು" ಎನ್ನುವುದು ಅವನ ಕೆಲಸ. ಇಡೀ ಬಡಾವಣೆಗೆ ಅವನು ಹುಷಾರಪ್ಪ. ಶಾಲೆ ಬಿಟ್ಟ ಮೇಲೆ ಮಗಳು ಮೇಲ್ಸೇತುವೆಯ ಮೆಟ್ಟಿಲಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು. ಒಂದು ದಿನ, ಹಳಿ ಯಾಕಪ್ಪ ನೆಟ್ಟಗಿಲ್ಲ ಎಂದು ಕೇಳಿದಳು. ಹೊಂಡ ಇತ್ತಂತೆ ಎಂದ.

"ಈಗಿಲ್ವಲ್ಲ?"

"ಹೊಂಡ ಹೋಯ್ತು ಅಂತ ಹಳಿಗೆ ಯಾರಾದ್ರೂ ಹೇಳ್ಬೇಕಲ್ಲ," ಎಂದ ಅಪ್ಪ.

ಹೇಳಿದ್ದು ಅವಳೇ. ಎಂಜಿನಿಯರ್ ಆಗಿ ರೈಲ್ವೆಗೆ ಸೇರಿದ ಮೇಲೆ ಅವಳ ಮೇಜಿಗೆ ಬಂದ ಮೊದಲ ದೊಡ್ಡ ಕೆಲಸ ಅದು. ಹಳಿಯನ್ನು ಸೈಕಲ್ ಸ್ಟ್ಯಾಂಡಿನ ಕಡೆಗೆ ಸರಿಸಿ ನೆಟ್ಟಗೆ ಮಾಡಿದರು, ಪ್ಲಾಟ್‌ಫಾರ್ಮನ್ನು ಹಳಿಯ ಹತ್ತಿರಕ್ಕೆ ತಂದು ಬೋಗಿಯ ಮಟ್ಟಕ್ಕೆ ಎತ್ತಿದರು. ಸಂದು ಮುಚ್ಚಿದ ಮೇಲೆ ಸಂದಿನ ಕಾವಲಿಗೆ ಆಳು ಬೇಕಿರಲಿಲ್ಲ. ಅಪ್ಪನನ್ನು ಅವಧಿಗೆ ಮುಂಚೆಯೇ ಮನೆಗೆ ಕಳಿಸಿದರು. ಹೊಸ ಪ್ಲಾಟ್‌ಫಾರ್ಮಿನ ಅಂಚಿನ ಮೇಲೆ ಅವನು ಒಮ್ಮೆ ಬೂಟು ಎಳೆದು ನೋಡಿ, "ನೀಟಾಗಿದೆ" ಎಂದಿದ್ದ. ಅಷ್ಟೇ.

ತಿಂಗಳು ಕಳೆಯುವುದರೊಳಗೆ ಅವನು ಮತ್ತೆ ಅಲ್ಲೇ ನಿಂತಿದ್ದ. ಸಮವಸ್ತ್ರವಿಲ್ಲ, ಸಂಬಳವಿಲ್ಲ, ದಿನಾ ಸಂಜೆ ಮೂರನೇ ಬೋಗಿಯ ಮುಂದೆ ಕೈ ಚಾಚಿಕೊಂಡು. ಮಗಳೇ ಅಪ್ಪನ ಅನ್ನ ಕಿತ್ಕೊಂಡ್ಳು, ಪಾಪ, ಮನುಷ್ಯನಿಗೆ ಒಂಥರಾ ಆಗಿದೆ ಎಂದು ಜನ ಆಡಿಕೊಂಡರು. ಅವಳ ಕಚೇರಿಯವರೆಗೂ ಆ ಮಾತು ಬಂತು. ಒಂದು ಸಂಜೆ ಅವಳು ನಿಲ್ದಾಣಕ್ಕೇ ಹೋಗಿ, ಇಲ್ಲಿ ಈಗ ಏನೂ ಇಲ್ಲ, ಯಾರ ಮೇಲೆ ಸೇಡು ತೀರಿಸ್ಕೊಳ್ತಿದ್ದೀಯ, ನಡಿ ಮನೆಗೆ ಎಂದು ಎಲ್ಲರೆದುರು ಕೇಳಿದ್ದಳು.

"ಅಭ್ಯಾಸಬಲ ಮಗಾ," ಎಂದಿದ್ದ ಅಪ್ಪ. ಮರುದಿನವೂ ಹೋಗಿದ್ದ.

*

ಸ್ಮಶಾನ ಹಳಿಯ ಆಚೆಗಿತ್ತು. ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಜನ ಬಂದಿದ್ದರು, ಹೆಚ್ಚಿನವರ ಗುರುತು ಅವಳಿಗಿರಲಿಲ್ಲ. ಕಚೇರಿಗೆ ಅರ್ಧ ದಿನ ರಜೆ ಹಾಕಿದವರು, ಊಟದ ಡಬ್ಬಿ ಹಿಡಿದುಕೊಂಡೇ ಬಂದವರು. ಮುಖ ನೋಡಿ ಅಲ್ಲ, ಅಂಗೈ ಹಿಡಿದು ಅಪ್ಪನನ್ನು ಬಲ್ಲವರು. ಮಣ್ಣು ಹಾಕಿ ಆದ ಮೇಲೆ ಅತ್ತೆ ನೆರಳಿನ ಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ಕೂತ ಮುದಿ ದರ್ಜಿಯ ಹತ್ತಿರ ಬೂಟಿನ ಕತೆ ತೆಗೆದರು. ಹೊಸ ಬೂಟನ್ನು ಹಾಗೆ ಜಜ್ಜಿಕೊಂಡದ್ದು ಹೇಗೆ ಎಂಬುದು ಅವರಿಗೆ ಇನ್ನೂ ಬಗೆಹರಿದಿರಲಿಲ್ಲ.

ದರ್ಜಿ ನಕ್ಕ. ಆಮೇಲೆ ಇದು ನಗುವ ಜಾಗವಲ್ಲ ಎಂದು ನೆನಪಾಗಿ ಬಾಯಿ ಒರೆಸಿಕೊಂಡ. "ಅದರಲ್ಲಿ ನನ್ನ ಪಾಲೂ ಇದೆಯಮ್ಮ. ನಾನೇ ಎಷ್ಟು ಸಲ ತುಳಿದಿದ್ದೀನೋ."

ಮಗಳು ತಿರುಗಿ ನೋಡಿದಳು. ದರ್ಜಿ ಮಾತು ನುಂಗಿಕೊಳ್ಳಲು ನೋಡಿದ, ಅವಳು ಬಿಡಲಿಲ್ಲ.

"ಹೇಳ್ಬೇಡಿ ಅಂದಿದ್ರು," ಎಂದ ಕೊನೆಗೆ. "ಇನ್ನೇನಿದೆ, ಹೇಳ್ತೀನಿ. ಮೂವತ್ತು ವರ್ಷ ನಾವೆಲ್ಲ ಅಲ್ಲಿ ದೂರಕ್ಕೆ, ಕೆಳಕ್ಕೆ ಕಾಲು ಹಾಕಿದವರು. ನೀವು ಸರಿ ಮಾಡಿದ್ರಿ, ಕಣ್ಣಿಗೆ ಗೊತ್ತಾಯ್ತು, ಕಾಲಿಗೆ ಗೊತ್ತಾಗಲಿಲ್ಲ. ಇಲ್ಲದ ಸಂದು ದಾಟೋಕೆ ಹೋಗಿ ಮೊದಲನೇ ವಾರವೇ ನಾನು ಮಂಡಿ ಒಡ್ಕೊಂಡೆ. ಬ್ಯಾಂಕಿನಮ್ಮ ಮೂಗು ಒಡ್ಕೊಂಡ್ರು. ನಾನು ದೂರು ಕೊಡ್ತೀನಿ ಅಂತ ಹೊರಟೆ. ನಿಮ್ಮಪ್ಪ ನನ್ನ ಅಂಗಡಿಗೇ ಬಂದು ಕೂತ್ರು."

"ಏನಂದ್ರು?"

"ಹೊಸ ಪ್ಲಾಟ್‌ಫಾರ್ಮಲ್ಲಿ ಜನ ಬೀಳ್ತಾರೆ ಅಂತ ಕಾಗದ ಹೋದ್ರೆ ನನ್ನ ಮಗಳ ಹೆಸರಿಗೆ ಮಸಿ. ಅವಳದ್ದು ತಪ್ಪಿಲ್ಲ, ನಿಮ್ಮ ಕಾಲಿನದ್ದು. ಕಾಲಿಗೆ ಬುದ್ಧಿ ಬರೋವರೆಗೆ ನಾನು ನಿಂತಿರ್ತೀನಿ. ಹೀಗಂದ್ರು." ದರ್ಜಿ ತನ್ನ ಚಪ್ಪಲಿಯನ್ನು ನೋಡಿಕೊಂಡ. "ಬೇಕಂತಲೇ ಕಾಲು ಮುಂದಿಟ್ಟು ನಿಲ್ತಿದ್ರು. ಬೂಟು ತುಳಿದ ತಕ್ಷಣ, ಇಲ್ಲೀಗ ಸಂದಿಲ್ಲ ಅಂತ ನಮಗೆ ನೆನಪಾಗ್ತಿತ್ತು."



"ಈಗಲೂ ಬೀಳ್ತಾರಾ?" ಎಂದು ಮಗಳು ಕೇಳಿದಳು. ಕಚೇರಿಯಲ್ಲಿ ತಪಾಸಣೆಯ ಹೊತ್ತಿಗೆ ಕೇಳುವ ದನಿಯಲ್ಲೇ ಕೇಳಿದಳು.

"ಹುಡುಗರು ಕಲ್ತ್ಕೊಂಡ್ರು. ನಮ್ಮ ವಯಸ್ಸಿನವರು ಇನ್ನೂ ಇಲ್ಲ."

*

ಸಂಜೆ ಅತ್ತೆಯನ್ನು ಮನೆಯಲ್ಲಿ ಬಿಟ್ಟು ಅವಳು ನಿಲ್ದಾಣಕ್ಕೆ ಹೋದಳು. ಬಿಸಿಲು ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಓರೆಯಾಗಿ ಬಿದ್ದಿತ್ತು. ಮೇಲ್ಸೇತುವೆಯ ಕೊನೆಯ ಮೆಟ್ಟಿಲಿನೆದುರು ಪ್ಲಾಟ್‌ಫಾರ್ಮಿನ ಕಲ್ಲು ಒಂದಿಷ್ಟು ಜಾಗದಲ್ಲಿ ಉಳಿದ ಕಡೆಗಿಂತ ನುಣುಪಾಗಿತ್ತು. ಎರಡು ವರ್ಷಕ್ಕೆ ಕಲ್ಲು ಅಷ್ಟು ಸವೆಯುವುದಿಲ್ಲ ಎಂದು ಅವಳ ಓದು ಹೇಳಿತು. ಪಾಲಿಶ್ ಹಚ್ಚಿದ ಬೂಟು ದಿನಾ ನಿಂತರೆ ಮೇಣ ಹತ್ತಿರಬಹುದು ಎಂದುಕೊಂಡಳು. ಅಲ್ಲೇ ನಿಂತಳು.

ನಗರದಿಂದ ಬಂಡಿ ಬಂತು. ಮೂರನೇ ಬೋಗಿಯ ಬಾಗಿಲು ತೆರೆಯಿತು. ಹುಡುಗರು ಫೋನು ನೋಡುತ್ತಲೇ ಇಳಿದು ಹೋದರು, ಕಾಲಿನ ಕಡೆ ಯಾರ ಗಮನವೂ ಇರಲಿಲ್ಲ. ಅವರ ಹಿಂದೆ ಹಳಬರು. ಬಾಗಿಲ ಕಂಬ ಹಿಡಿದು, ಉಸಿರು ಕಟ್ಟಿ, ಒಬ್ಬೊಬ್ಬರಾಗಿ ಪಾದವನ್ನು ಹೊಳೆ ದಾಟುವವರಂತೆ ದೂರಕ್ಕೆ ಎಸೆದರು. ಎಸೆದ ಪಾದ ಬೇಗನೆ ನೆಲಕ್ಕೆ ತಾಗಿ ಮೈ ಮುಗ್ಗರಿಸಿತು. ಕೈಗಳು ಎಡಕ್ಕೆ, ದಿನಾ ಒಬ್ಬ ನಿಲ್ಲುತ್ತಿದ್ದ ಕಡೆಗೆ, ತಾವಾಗಿಯೇ ಚಾಚಿಕೊಂಡವು.

ಕನ್ನಡಕದ ಒಬ್ಬ ಹೆಂಗಸು, ಮೂಗಿನ ಮೇಲೆ ಹಳೆಯ ಗಾಯದ ಗೆರೆ, ಬಾಗಿಲಲ್ಲಿ ನಿಂತು ಕೆಳಗೆ ನೋಡಿದರು.

ಮಗಳು ಬಲಗಾಲನ್ನು ಮುಂದಿಟ್ಟಳು. ಕೈ ಚಾಚಿದಳು.

"ಹುಷಾರು," ಎಂದಳು.

ಹೆಂಗಸಿನ ಹಿಮ್ಮಡಿ ಅವಳ ಕಾಲ್ಬೆರಳುಗಳ ಮೇಲೆ ಬಲವಾಗಿಯೇ ಬಿತ್ತು. ಅಂಗೈ ಅಂಗೈಯನ್ನು ಹಿಡಿಯಿತು, ಹೆಂಗಸು ನೆಟ್ಟಗಾದರು, ಮೆಟ್ಟಿಲು ಹತ್ತಿ ಹೋದರು. ಅವರ ಹಿಂದೆ ಇನ್ನೊಬ್ಬರು ಕಂಬ ಹಿಡಿದು ಉಸಿರು ಕಟ್ಟಿದರು.

ಬಂಡಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಅಲ್ಲಿ ಈಗ ಉಳಿದಿದ್ದ ಸಂದು ಬರೀ ಏಳೂವರೆ ಸೆಂಟಿಮೀಟರ್.