ಹುಳಕ್ಕೆ ತೊಡಿಸಿದ ಕರೆಂಟ್ ಜರ್ಕಿನ್

ಆ ಜರ್ಕಿನ್ ಕಂಡರೆ ಲತಾಮಣಿಗೆ ಮೊದಲ ದಿನದಿಂದಲೂ ಹೇಸಿಗೆ. ಒಳಗೆಲ್ಲ ಸಣ್ಣ ವೈರು, ಬೈಕಿನ ಬ್ಯಾಟರಿಗೆ ಸಿಕ್ಕಿಸಿದರೆ ಮೈಗೆ ಕಾವು. ಹಿಮದ ಬೆಟ್ಟಕ್ಕೆ ಹೋಗುವವರು ಹಾಕಿಕೊಳ್ಳಲಿ, ಬೇಡ ಅಂದವರು ಯಾರು? ಅವಳ ಗಂಡ ಮನೋಹರ್ ಹೋಗುತ್ತಿದ್ದುದು ಭಾನುವಾರ ಬೆಳಗ್ಗೆ ಗೆಳೆಯರ ಜೊತೆ ಸಾವನದುರ್ಗಕ್ಕೆ, ಇಡ್ಲಿ ತಿಂದು ಫೋಟೊ ತೆಗೆಸಿಕೊಂಡು ಬರುವುದಕ್ಕೆ. ಹೊಂಗನೂರಿನ ಚಳಿಗೆ ತಲೆಗೊಂದು ಟವೆಲ್ ಸುತ್ತಿದರೆ ಸಾಕು.

ಆ ಕಾವನ್ನು ಹೆಚ್ಚು ಕಡಿಮೆ ಮಾಡಲು ಬೆಂಕಿಪೊಟ್ಟಣದಷ್ಟು ದೊಡ್ಡ ಕಂಟ್ರೋಲರ್, ಅದರ ಮೇಲೊಂದು ನಾಬ್. ಅದನ್ನು ಬೈಕಿಗೆ ಕೂರಿಸಿದ್ದು ಚನ್ನಪಟ್ಟಣದ ಬಾಲರಾಜುವಿನ ಗ್ಯಾರೇಜಿನಲ್ಲಿ. ರೇಷ್ಮೆ ಹುಳದ ಮನೆಗೆ ಸುಣ್ಣ ಕೊಳ್ಳಲು ಹೋಗಿದ್ದ ಲತಾಮಣಿಯೂ ಪಕ್ಕದಲ್ಲೇ ನಿಂತಿದ್ದಳು.

"ಹ್ಯಾಂಡಲ್ ಮ್ಯಾಲೆ ಹಾಕಾನ ಕಣಣ್ಣ, ಕಣ್ಮುಂದೆ ಇರ್ಲಿ," ಅಂದ ಬಾಲರಾಜು. "ಟ್ಯಾಂಕ್ ಪಕ್ಕ ಹಾಕುದ್ರೆ ಮೊಣಕಾಲು ತಗುಲಿ ನಾಬು ತಿರುಗೋಯ್ತದೆ."

"ಬ್ಯಾಡ ಕಣ್ಲಾ. ಹಾಲಿನ ಕ್ಯಾನು ನೇತಾಕಂಡಂಗೆ ಕಾಣ್ತದೆ. ಫೋಟೊದಲ್ಲಿ ಅಸಹ್ಯ," ಅಂದ ಮನೋಹರ್.

ಕೊನೆಗೆ ಅದು ಕೂತದ್ದು ಟ್ಯಾಂಕಿನ ಕೆಳಗೆ, ಮೊಣಕಾಲಿನ ಪಕ್ಕ.

ರೇಷ್ಮೆ ಹುಳ ಸಾಕುವ ಮನೆಗಳಲ್ಲಿ ಕೈಗುಣ ಅನ್ನುವುದೊಂದಿದೆ. ಹೋದ ಬೆಳೆ ರೋಗ ಬಂದು ನೆಲಕಚ್ಚಿದಾಗ ಅತ್ತೆ ಬೋರಮ್ಮ, "ನಮ್ ಸೊಸೆ ಕೈಗುಣ ಸರಿಯಿಲ್ಲ" ಎಂದು ಊರಿಗೆಲ್ಲ ಸಾರಿ, ಲತಾಮಣಿಯನ್ನು ಹುಳದ ಮನೆ ಹೊಸ್ತಿಲಿನಾಚೆ ನಿಲ್ಲಿಸಿಬಿಟ್ಟಳು. ಆ ಸಲ ಅರ್ಧ ಊರಿನ ಹುಳವೇ ಸತ್ತಿತ್ತು. ಬೇರೆ ಯಾರ ಕೈಯ ಮಾತೂ ಯಾರ ಬಾಯಲ್ಲೂ ಬರಲಿಲ್ಲ. ಲತಾಮಣಿ ಸೊಪ್ಪು ಕೊಯ್ದು ಹೊಸ್ತಿಲಲ್ಲಿ ಇಟ್ಟು ಬರಬೇಕು, ಒಳಗೆ ಇಣುಕುವ ಹಾಗಿಲ್ಲ. ಅತ್ತೂ ಕರೆದೂ ಈ ಬೆಳೆಯನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು. ಇದೂ ಹೋದರೆ ಆ ಬಾಗಿಲು ಅವಳ ಪಾಲಿಗೆ ಮುಚ್ಚಿದ ಹಾಗೆಯೇ.

ಮರಿಹುಳ ಕೊಡುವ ಚಾಕಿ ಸೆಂಟರು ಕೂಟಗಲ್ ಕಡೆ. ಪೊರೆ ಬಿಡುವ ಮುಂಚೆ ಹುಳ ತಿನ್ನದೆ ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳವನ್ನು ಬೆಳಗಿನ ತಂಪಿನಲ್ಲಿ ತರಬೇಕು. ತಾನೇ ಬಸ್ಸಿನಲ್ಲಿ ಹೋಗಿ ತರುತ್ತೇನೆ ಅಂದಳು. ಮನೋಹರ್ ಕೇಳಲಿಲ್ಲ. "ಬೈಕ್ ಇರುವಾಗ ಬಸ್ಸ್ಯಾಕೆ? ಒಸಿ ಹೊತ್ತಿಗೆಲ್ಲ ಬತ್ತೀನಿ," ಎಂದು ಹೊರಟ.

ಹುಳದ ಮನೆಗೆ ಸುಣ್ಣ ಬಳಿದು, ತಟ್ಟೆ ತೊಳೆದು ಒಣಗಿಸಿ, ಎಳೆ ಸೊಪ್ಪು ಹೆಚ್ಚಿಟ್ಟು ಕಾದವಳಿಗೆ ಬೈಕು ಬಂದು ನಿಂತಾಗ ಕಂಡದ್ದೇನು? ಮನೋಹರ್ ಬರೀ ಅಂಗಿಯಲ್ಲಿ ನಡುಗುತ್ತಿದ್ದಾನೆ. ಸೀಟಿನ ಮೇಲೆ ಕಟ್ಟಿದ ಹುಳದ ಬುಟ್ಟಿಗೆ ಜರ್ಕಿನ್ ತೊಡಿಸಿ, ಕತ್ತಿನವರೆಗೂ ಜಿಪ್ ಎಳೆದಿದ್ದಾನೆ. ಎಂಜಿನ್ ಇನ್ನೂ ಓಡುತ್ತಿತ್ತು, ವೈರು ಸಿಕ್ಕಿಸಿದ ಹಾಗೇ ಇತ್ತು.

"ಹೆಂಗೆ? ಮಂಜು ಅಂದ್ರೆ ಮಂಜು. ನಾನು ಚಳೀಲಿ ಬಂದ್ರೂ ಹುಳ ಬೆಚ್ಚಗೆ ಬಂದವೆ ನೋಡು! ಸಣ್ಣಕ್ಕೆ ಇಟ್ಟಿದ್ದೆ, ಅಷ್ಟೆ."

ಲತಾಮಣಿ ಜಿಪ್ ಕೆಳಕ್ಕೆಳೆದಳು. ರಾಮನಗರದಲ್ಲಿ ಗೂಡು ಬೇಯಿಸುವ ಕಡೆ ಬರುತ್ತದಲ್ಲ, ಆ ವಾಸನೆ ಗುಪ್ಪೆಂದು ಮುಖಕ್ಕೆ ಹೊಡೆಯಿತು. ಬುಟ್ಟಿಯೊಳಗಿನ ಕಾಗದ ಬಿಚ್ಚಿದರೆ ಹುಳಗಳೆಲ್ಲ ಬೆಂದು, ಲೋಳೆ ಲೋಳೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಕೈಗೆ ಮೆತ್ತಿದ್ದು ಉಜ್ಜಿದರೂ ಹೋಗಲಿಲ್ಲ. ಬಗ್ಗಿ ಟ್ಯಾಂಕಿನ ಕೆಳಗೆ ನೋಡಿದಳು. ನಾಬು ಕೊನೆಯವರೆಗೂ ತಿರುಗಿ ನಿಂತಿತ್ತು.

ವಾಸನೆಗೆ ಬೋರಮ್ಮ ಹೊರಗೆ ಬಂದಳು. "ನಾನೇಳ್ಲಿಲ್ವಾ? ಇವ್ಳು ಕೈ ಇಟ್ಲು ನೋಡು, ಆಯ್ತು!"

ಲತಾಮಣಿ ಗಂಡನ ಮುಖ ನೋಡಿದಳು. ಅವನೂ ಬಗ್ಗಿದ, ನಾಬನ್ನು ಕಂಡ. ಕಂಡವನೇ ಬೆರಳಲ್ಲಿ ಅದನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದ.

"ತರುವಾಗ ಚೆನ್ನಾಗೇ ಇದ್ವು ಕಣವ್ವ," ಅಂದ.

ಹುಳ ಸತ್ತ ನಾತಕ್ಕಿಂತ ಆ ಮಾತಿನ ನಾತ ದೊಡ್ಡದು. ಇಂಥವನ ಪಕ್ಕ ಇಷ್ಟು ವರ್ಷ ಮಲಗಿದೆನಲ್ಲ ಎಂದು ಅವಳಿಗೆ ತನ್ನ ಮೈಯೇ ಹೇಸಿಗೆಯಾಯಿತು. ಅತ್ತೆಯ ಕೈ ಹಿಡಿದೆಳೆದು ಜರ್ಕಿನ್ನಿನ ಒಳಗೆ ತುರುಕಿದಳು. "ನೋಡಿ ಅತ್ತೆ. ಯಾರ್ ಕೈಗುಣ ಇದು?"

"ಅಯ್ಯೋ!" ಬೋರಮ್ಮ ಕೈ ಕಿತ್ತುಕೊಂಡಳು. ಬೆರಳು ಕೆಂಪಾಗಿತ್ತು. ಮಗನ ಮುಖ ನೋಡಿದಳು, ವೈರು ನೋಡಿದಳು. ಎಲ್ಲ ತಿಳಿಯಿತು. ತಿಳಿದದ್ದನ್ನು ನುಂಗಿಕೊಂಡು ಬಚ್ಚಲ ಕಡೆ ತಿರುಗಿದಳು. ಅಷ್ಟರಲ್ಲಿ ಪಕ್ಕದ ಮನೆ ದೊಡ್ಡಲಕ್ಷ್ಮಮ್ಮ ಗೋಡೆಯಾಚೆಯಿಂದ ಕತ್ತು ಚಾಚಿ ಏನಾಯಿತು ಅಂತ ಕೇಳಿದಳು.

"ಏನೇಳಾನ ಅಕ್ಕ," ಬೋರಮ್ಮ ಸುಟ್ಟ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಅದೇ, ಸೊಸೆ ಕೈಗುಣ."

ಲತಾಮಣಿ ಅಳಲಿಲ್ಲ. ವೈರು ಕಿತ್ತು ಜರ್ಕಿನ್ ಬಿಡಿಸಿ, ಬುಟ್ಟಿಯಲ್ಲಿದ್ದ ಹುಳವನ್ನೆಲ್ಲ ಕಾಗದದ ಸಮೇತ ಅದರೊಳಗೆ ಸುರಿದಳು. ತೋಳಿನೊಳಕ್ಕೂ ಒಂದೊಂದು ಹಿಡಿ ತುರುಕಿ, ಕತ್ತಿನವರೆಗೂ ಜಿಪ್ ಎಳೆದಳು. ಎರಡೂ ತೋಳು ಹಿಡಿದು ಬೈಕಿನ ಮುಂದಕ್ಕೆ ಬಂದಳು.

"ಲೇ, ಏನ್ ಮಾಡ್ತಿದ್ದೀಯೇ? ಎಲ್ಲಿಗೆ ಕಟ್ತಿದ್ದೀಯೇ ಅದ?" ಮನೋಹರ್ ಕಿರುಚಿದ.

ತೋಳೆರಡನ್ನೂ ಬಿಗಿಯಾಗಿ ಗಂಟು ಹಾಕುತ್ತ ಅವಳೆಂದಳು:

"ಹ್ಯಾಂಡಲ್ ಮ್ಯಾಲೆ. ಕಣ್ಮುಂದೆ ಇರ್ಲಿ."