ಕನ್ನಡಕದವನ ಸಾಕ್ಷಿ

ಬೀದಿಯ ತಿರುವಿನಲ್ಲಿದ್ದ ಕನ್ನಡಕದಂಗಡಿಯವನನ್ನು ಜನ ಎದುರಿಗೆ ಅಣ್ಣ ಎಂದೂ ಬೆನ್ನ ಹಿಂದೆ ಹದ್ದುಗಣ್ಣಪ್ಪ ಎಂದೂ ಕರೆಯುತ್ತಿದ್ದರು. ಎರಡನೆಯ ಹೆಸರು ಅವನ ಕಿವಿಗೂ ಬಿದ್ದಿತ್ತು. ಬೇಸರವಾಗುವುದಿರಲಿ, ಒಳಗೊಳಗೇ ಹಿಗ್ಗಿದ್ದ. ಬೇರೆ ಅಂಗಡಿಯವರು ಕಾರ್ಖಾನೆಯಿಂದ ಸಿದ್ಧ ಗಾಜು ತರಿಸಿ ಫ್ರೇಮಿಗೆ ಕೂರಿಸಿ ಕೈತೊಳೆದುಕೊಂಡರೆ, ಇವನು ಹಿಂದಿನ ಕೋಣೆಯಲ್ಲಿ ತಾನೇ ಗಾಜು ತೀಡುತ್ತಿದ್ದ. ತೀಡುವುದು, ಪವರ್ ಅಳೆಯುವ ಮಿಷನ್ನಿಗೆ ಕಣ್ಣಿಟ್ಟು ನೋಡುವುದು, ಡಾಕ್ಟರ ಚೀಟಿಯ ಅಂಕಿಗೆ ಬರದಿದ್ದರೆ ಮತ್ತೆ ತೀಡುವುದು. ಮೂವತ್ತು ವರ್ಷದಿಂದ ಇದೇ ಕಸುಬು. ಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ.

ಹೆಸರಿಡುವ ಹಾಗಿದ್ದದ್ದು ಬಾಯಿಗೆ. ವಾರವಿಡೀ ಜನರ ಕಣ್ಣಿನ ದೋಷ ನೋಡಿದ್ದು ಸಾಲದೆ, ಭಾನುವಾರ ಸಂಜೆಯ ಪ್ರಾರ್ಥನಾಕೂಟದಲ್ಲಿ ಅವರ ನಡತೆಯ ದೋಷವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಬೈಬಲಿನಲ್ಲಿ ಎಡವಿ ಬಿದ್ದವರೆಲ್ಲ ಅವನಿಗೆ ಬಾಯಿಪಾಠ. ಯೋನ ಯಾಕೆ ಓಡಿಹೋದ, ತೋಮ ಯಾಕೆ ಅನುಮಾನಪಟ್ಟ, ಲೋಟನ ಹೆಂಡತಿಗೆ ಹಿಂದಿರುಗಿ ನೋಡುವ ಚಪಲ ಎಲ್ಲಿಂದ ಬಂತು ಎಂದು ಬೆರಳು ಮಡಿಚಿ ಮಡಿಚಿ ಹೇಳುವನು. ಹೇಳುತ್ತ ಎದುರಿಗೆ ಕೂತ ಯಾರದೋ ಮುಖ ನೋಡುವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಆ ಮನುಷ್ಯ ತಲೆತಗ್ಗಿಸುವನು. ನಿನ್ನ ಕಣ್ಣಿನ ತೊಲೆ ಬಿಟ್ಟು ಇನ್ನೊಬ್ಬನ ಕಣ್ಣಿನ ರವೆ ಹುಡುಕಬೇಡ ಎಂಬ ಮಾತು ಬಂದಾಗ ಮಾತ್ರ ಅವನು ಎಲ್ಲರನ್ನೂ ಒಟ್ಟಿಗೆ ನೋಡುತ್ತಿದ್ದ. ಆ ಲೆಕ್ಕದಲ್ಲಿ ತಾನು ಸೇರಿಲ್ಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಸೇರದಿರುವುದಕ್ಕೆ ದೇವರೇ ಪುರಾವೆ ಕೊಟ್ಟಿದ್ದ ಬೇರೆ. ವಯಸ್ಸು ಐವತ್ತನಾಲ್ಕು. ಹತ್ತು ವರ್ಷದಿಂದ ಕನ್ನಡಕವಿಲ್ಲದೆ ಪುಸ್ತಕ ಓದಲಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಕನ್ನಡಕ ಎಲ್ಲೋ ಮರೆತು ಬೈಬಲ್ ತೆರೆದರೆ ಸಣ್ಣ ಅಕ್ಷರಗಳು ಸ್ಫುಟವಾಗಿ ಕಾಣುತ್ತಿವೆ! ಮುಂದಿನ ಭಾನುವಾರ ಕೂಟದಲ್ಲಿ ಎದ್ದು ನಿಂತು ಕನ್ನಡಕವನ್ನು ಎಲ್ಲರಿಗೂ ಕಾಣುವಂತೆ ಜೇಬಿಗಿಳಿಸಿ, ಇಡೀ ಒಂದು ಅಧ್ಯಾಯವನ್ನು ಗಡಗಡನೆ ಓದಿದ.

"ದೇವರಿಗೆ ಸ್ತೋತ್ರ! ವಿಶ್ವಾಸ ಗಟ್ಟಿಯಾಗಿದ್ರೆ ಕಣ್ಣಿಗೆ ವಯಸ್ಸಾಗಲ್ಲ. ಇದೇ ನನ್ನ ಸಾಕ್ಷಿ."

ಮುಂದಿನ ಸಾಲಿನಲ್ಲಿ ಕೂತಿದ್ದ ಟೀಚರಮ್ಮ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದರು. ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಅವರ ದನಿ ಇನ್ನೂ ಕೊನೆಯ ಬೆಂಚಿಗೆ ಮುಟ್ಟುತ್ತಿತ್ತು.

ಅದಾದ ಏಳನೆಯ ತಿಂಗಳಲ್ಲಿ ಅವನ ಅಕ್ಕ ಅಂಗಡಿಗೆ ಬಂದಳು. ಅವಳು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವವಳು. ಅಂಗಿಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ. ಒಂದು ನೂಲಿನಷ್ಟು ಸೊಟ್ಟಗಾದರೂ ಹಾಕಿಕೊಂಡವನ ಕತ್ತಿನ ಕೆಳಗೆ ಎದ್ದು ಕಾಣುತ್ತದೆ. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಲೋ, ನೀನು ಹೊಸದಾಗಿ ಮಾಡಿಕೊಟ್ಟ ಇದನ್ನ ಹಾಕ್ಕೊಂಡ್ರೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತೆ. ಹೊಲಿಗೆ ಮಸುಕುಮಸುಕು."

ಅವನು ಕನ್ನಡಕವನ್ನು ಮಿಷನ್ನಿಗಿಟ್ಟು ನೋಡಿದ. "ಅಂಕಿ ಸರಿಯಾಗಿದೆ. ಕೂದಲೆಳೆ ವ್ಯತ್ಯಾಸ ಇಲ್ಲ."

"ಹಾಗಾದ್ರೆ ಕೆಟ್ಟಿರೋದು ನನ್ನ ತಲೆ ಅಂತೀಯಾ?"

"ಹಾಗಂದ್ನಾ? ಅಭ್ಯಾಸ ಆಗೋವರೆಗೆ ತಾಳ್ಮೆ ಬೇಕು ಅಕ್ಕ. ನಿನಗೆ ಮೊದಲಿಂದ್ಲೂ ತಾಳ್ಮೆ ಕಡಿಮೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ತಾಳ್ಮೆ ಕಡಿಮೆಯಂತೆ! ತಾಯಿ ತೀರಿಕೊಂಡಾಗ ಹದಿನಾಲ್ಕರ ಆ ಹುಡುಗಿ ಮನೆಮನೆಯ ಬಟ್ಟೆ ಹೊಲಿದು, ಒಂಬತ್ತು ವರ್ಷದ ಈ ಮಹಾನುಭಾವನನ್ನು ಸಾಕಿ, ಓದಿಸಿ, ಕಸುಬು ಕಲಿಸಿದ್ದು ತಾಳ್ಮೆಯಿಲ್ಲದೆಯೋ? ಅಕ್ಕ ಕನ್ನಡಕ ಎತ್ತಿಕೊಂಡು ಹೋದಳು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಭಾನುವಾರ ಕೂಟದಲ್ಲಿ ಅವನ ನಾಲಿಗೆ ತುರಿಸಿತು. "ಕೆಲವರಿಗೆ ಕಣ್ಣು ಕಾಣಲ್ಲ ಅಂದ್ರೆ ಅದು ಕಣ್ಣಿನ ತೊಂದರೆ ಅಲ್ಲ, ವಿಶ್ವಾಸದ ತೊಂದರೆ. ದೂರ ಹೋಗೋದು ಬೇಡ, ನನ್ನ ಒಡಹುಟ್ಟಿದವರಲ್ಲೇ ಉದಾಹರಣೆ ಇದೆ," ಎಂದ. ಇಪ್ಪತ್ತು ತಲೆಗಳು ಒಟ್ಟಿಗೆ ಅಕ್ಕನ ಕಡೆ ತಿರುಗಿದವು. ಅವಳು ಹಾಡಿನ ಪುಸ್ತಕ ಮುಚ್ಚಿಟ್ಟು ಮೆಟ್ಟಿಲಿಳಿದು ಹೋದವಳು ಮುಂದಿನ ವಾರ ಬರಲಿಲ್ಲ.

ಎರಡು ವಾರದ ಮೇಲೆ ಸುದ್ದಿ ತಂದವನು ಕೂಟಕ್ಕೆ ಬರುತ್ತಿದ್ದ ಒಬ್ಬ ಬಸ್ ಡ್ರೈವರ್. ಅಕ್ಕ ಹೊಲಿದ ಕಾಲರುಗಳು ಒಂದೊಂದಾಗಿ ವಾಪಸು ಬಂದಿದ್ದವು. ಮೇಲ್ವಿಚಾರಕಿ ಅವಳನ್ನು ಎಬ್ಬಿಸಿ ದಾರದ ತುದಿ ಕತ್ತರಿಸುವ ಮೇಜಿಗೆ ಕಳಿಸಿದ್ದಳು. ತಿಂಗಳ ಕೊನೆಯೊಳಗೆ ಕೈ ಸರಿಹೋಗದಿದ್ದರೆ ಅವಳ ಜಾಗ ಬೇರೆಯವರಿಗೆ, ಅವಳು ಮನೆಗೆ. ಇಷ್ಟು ಹೇಳಿ ಡ್ರೈವರ್ ಹಿಂದೆ ಮುಂದೆ ನೋಡುತ್ತ ತನ್ನ ಕನ್ನಡಕವನ್ನೂ ಮೇಜಿನ ಮೇಲಿಟ್ಟ. "ಬೇಜಾರಾಗ್ಬೇಡಿ ಅಣ್ಣ, ನನಗೂ ತಲೆನೋವು." ಅದೇ ವಾರ ಇನ್ನಿಬ್ಬರು ಇದೇ ದೂರು ಹೊತ್ತು ಬಂದರು.

ಬೇರೆ ಯಾರಾದರೂ ಆಗಿದ್ದರೆ ತನ್ನ ಕೆಲಸದ ಮೇಲೆ ಅನುಮಾನಪಡುತ್ತಿದ್ದರು. ಇವನು ಮಿಷನ್ ರಿಪೇರಿಯವಳಿಗೆ ಫೋನ್ ಮಾಡಿದ. ದೋಷವಿಲ್ಲ ಎಂದು ಅವಳ ಕೈಯಲ್ಲಿ ಬರೆಸಿ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದರೆ ಊರಿನ ಬಾಯಿ ಮುಚ್ಚುತ್ತದೆ ಎಂಬುದು ಅವನ ಉಪಾಯ.

"ಮೂರು ವರ್ಷದಿಂದ ನನ್ನನ್ನ ಕರೀಲೇ ಇಲ್ಲ ನೀವು," ಎನ್ನುತ್ತ ಅವಳು ಚೀಲ ಇಳಿಸಿದಳು.

"ಕರೆಯೋ ಅಗತ್ಯ ಬೀಳಲಿಲ್ಲಮ್ಮ."

"ಸರಿ. ಗಾಜು ಏನೂ ಇಡಬೇಡಿ. ಬರೀ ಮಿಷನ್ನಲ್ಲಿ ನೋಡಿ. ಒಳಗಿನ ಗೆರೆ ಎಲ್ಲಿ ಚೊಕ್ಕವಾಗಿ ಕಾಣುತ್ತೋ ಅಲ್ಲಿ ನಿಲ್ಲಿಸಿ, ಸಾರ್."

ಅವನು ಕಣ್ಣಿಟ್ಟು ತಿರುಗಣೆ ತಿರುಗಿಸಿ ನಿಲ್ಲಿಸಿದ. ಗಾಜೇ ಇಲ್ಲದ ಮೇಲೆ ಅಂಕಿ ಸೊನ್ನೆಗೆ ನಿಲ್ಲಬೇಕು. ಅದು ಸೊನ್ನೆ ದಾಟಿ ಅರ್ಧಕ್ಕೂ ಆಚೆ ನಿಂತಿತ್ತು.

"ನೋಡಿದ್ಯಾ! ಮಿಷನ್ ಕೆಟ್ಟಿದೆ!" ಎಂದ. ಅವನ ದನಿಯಲ್ಲಿ ಖುಷಿಯೇ ಇತ್ತು.

ರಿಪೇರಿಯವಳು ಕಣ್ಣಿಡುವ ಕಡೆ ಇದ್ದ ಬಳೆಯನ್ನು ಚೂರು ತಿರುಗಿಸಿ, ತಾನು ನೋಡಿ, ಅವನಿಗೆ ಅಂಕಿ ತೋರಿಸಿದಳು. ಸೊನ್ನೆ. "ಮಿಷನ್ ಗಟ್ಟಿಮುಟ್ಟಾಗಿದೆ ಸಾರ್. ನೋಡೋರು ಮೊದಲು ಈ ಬಳೆಯನ್ನ ತಮ್ಮ ಕಣ್ಣಿಗೆ ಹೊಂದಿಸ್ಕೋಬೇಕು. ಇದು ನಿಮ್ಮ ಹಳೇ ಕಣ್ಣಿಗೆ ಹೊಂದಿಸಿದ್ದು. ಈಗ ಕಣ್ಣು ಬದಲಾಗಿದೆ, ಅದಕ್ಕೇ ನೀವು ಅಳೆದ ಗಾಜೆಲ್ಲ ಅಷ್ಟಷ್ಟು ತಪ್ಪು. ಇತ್ತೀಚೆಗೆ ಕನ್ನಡಕ ಇಲ್ಲದೇನೇ ಓದೋಕೆ ಆಗ್ತಿದ್ಯಾ?"

ಆ ಪ್ರಶ್ನೆಯ ಅರ್ಥ ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ವಯಸ್ಸಾದ ಕಣ್ಣು ಇದ್ದಕ್ಕಿದ್ದಂತೆ ಸಣ್ಣ ಅಕ್ಷರ ಓದತೊಡಗಿತೆಂದರೆ ಒಳಗೆ ಪೊರೆ ಕೂಡುತ್ತಿದೆ, ಇನ್ನು ದೂರದ್ದು ಮಸುಕಾಗುತ್ತದೆ ಎಂದು ಈ ಕಸುಬಿನಲ್ಲಿ ನಿನ್ನೆ ಸೇರಿದವರಿಗೂ ಗೊತ್ತು. ಇದೇ ಕುರ್ಚಿಯಲ್ಲಿ ಕೂತ ಎಷ್ಟು ಮುದುಕರಿಗೆ ಅವನೇ ಹೇಳಿಲ್ಲ, ಖುಷಿಪಡಬೇಡಿ, ಆಸ್ಪತ್ರೆಗೆ ಹೋಗಿ ಎಂದು! ತನ್ನ ಕಣ್ಣಿನ ವಿಷಯ ಬಂದಾಗ ಮಾತ್ರ ಅದು ಪವಾಡವಾಗಿಬಿಟ್ಟಿತ್ತು. ದೂರದ ಬಸ್ಸಿನ ನಂಬರ್ ಮಸುಕಾದರೆ ಬಸ್ಸು ತೊಳೆದಿಲ್ಲ ಎಂದುಕೊಂಡ. ಅಂಗಡಿಯ ಗೋಡೆಯ ಅಕ್ಷರಪಟವನ್ನು ದಿನಾ ಕೊನೆಯ ಸಾಲಿನವರೆಗೆ ಓದಿ ಬೀಗುತ್ತಿದ್ದ. ಮೂವತ್ತು ವರ್ಷ ನೋಡಿದ ಪಟ, ಕಣ್ಣು ಮುಚ್ಚಿಯೂ ಓದಬಹುದಿತ್ತು.

"ಏನಂತ ಬರೀಲಿ?" ಎಂದಳು ರಿಪೇರಿಯವಳು.

"ಮಿಷನ್ನಲ್ಲಿ ದೋಷ ಇತ್ತು, ಸರಿಮಾಡಿದೆ ಅಂತ ಬರೆದ್ಬಿಡಮ್ಮ."

ಅವಳು ಒಂದು ಸಲ ಅವನ ಮುಖ ನೋಡಿದಳು. 'ಹೊಂದಿಸಲಾಗಿದೆ' ಎಂದಷ್ಟೇ ಬರೆದು ಹೋದಳು.

ಎರಡು ದಿನ ಕೂತು ಅಕ್ಕನ ಗಾಜುಗಳನ್ನು ಹೊಸದಾಗಿ ತೀಡಿ, ಅವನೇ ಕಾರ್ಖಾನೆಗೆ ಒಯ್ದ. ಮೇಲ್ವಿಚಾರಕಿಯ ಮುಂದೆ ಕೈಕಟ್ಟಿ ನಿಂತು, "ತಪ್ಪು ನಮ್ಮ ಅಕ್ಕಂದಲ್ಲಮ್ಮ, ನನ್ನ ಮಿಷನ್ ಕೆಟ್ಟಿತ್ತು," ಎಂದ. ಅಕ್ಕ ಕನ್ನಡಕ ಹಾಕಿಕೊಂಡು ತನ್ನ ಹಳೆಯ ಜಾಗದಲ್ಲಿ ಕೂತು ಒಂದು ಕಾಲರ್ ಹೊಲಿದಳು. ಮೇಲ್ವಿಚಾರಕಿ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಮುಂದಿನ ಹತ್ತು ಅಂಗಿಗಳನ್ನು ಅವಳ ಮುಂದೆ ತಳ್ಳಿದಳು. ಅವಳ ಕೆಲಸ ಉಳಿಯಿತು.

ಬಾಗಿಲವರೆಗೆ ಬಂದ ಅಕ್ಕ ಹೇಳಿದಳು, "ಇಲ್ಲಿ ಹೇಳಿದ್ದು ಆಯ್ತು. ನನ್ನ ಮಾನ ಹೋಗಿದ್ದು ಇಪ್ಪತ್ತು ಜನರ ಮುಂದೆ. ಅಲ್ಲೂ ಹೇಳು."

"ಹೇಳ್ತೀನಿ ಅಕ್ಕ. ಮಿಷನ್ ಕೆಟ್ಟಿತ್ತು ಅಂತ ಹೇಳ್ತೀನಿ."

ಈಗ ನೆಲ ಡೊಂಕು ಎನ್ನುತ್ತಿರುವುದು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪಾಪದ ಮಿಷನ್, ಅದಕ್ಕೆ ಬಾಯಿಲ್ಲ. ಅದರ ತಲೆಗೆ ಕಟ್ಟಿದರೆ ಯಾರಿಗೆ ನಷ್ಟ? ಅಕ್ಕನ ಕೆಲಸ ಉಳಿಯಿತು, ತನ್ನ ಹೆಸರೂ ಉಳಿಯುತ್ತದೆ. ಆಸ್ಪತ್ರೆಗೆ ಯಾವಾಗಲಾದರೂ ಗುಟ್ಟಾಗಿ ಹೋಗಿಬಂದರಾಯಿತು ಎಂದುಕೊಂಡ.

ಭಾನುವಾರ ಅಕ್ಕ ಬಂದು ಕೂತಿದ್ದಳು. ಹಾಡು ಮುಗಿದ ಮೇಲೆ ಅವನು ಎದ್ದು, ಅಕ್ಕನ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಿ, ಮಿಷನ್ ಕೆಟ್ಟಿದ್ದ ಕಥೆ ಹೇಳಿದ. ಜನರಿಗೂ ನಿರಾಳವಾಯಿತು. "ಅಷ್ಟೇ ತಾನೆ ಅಣ್ಣ!" ಎಂದ ಬಸ್ ಡ್ರೈವರ್. ಇನ್ನು ಕೂರುವುದಷ್ಟೇ ಬಾಕಿ. ಆಗ ಟೀಚರಮ್ಮ ಮಾತಾಡಿದರು.

"ಮಿಷನ್ ಕೆಡಬಹುದಪ್ಪ, ದೇವರು ಕೊಟ್ಟ ಕಣ್ಣು ಕೆಡುತ್ತಾ? ನಿಮ್ಮ ಸಾಕ್ಷಿ ಕೇಳಿದ್ಮೇಲೆ ನಾನೂ ಪೊರೆ ಆಪರೇಷನ್ ಬೇಡ ಅಂತ ಆಸ್ಪತ್ರೆಯವರಿಗೆ ಹೇಳಿಬಿಟ್ಟೆ. ಎಂಟು ತಿಂಗಳಾಯ್ತು. ದಿನಾ ಪ್ರಾರ್ಥನೆ ಮಾಡ್ತಿದ್ದೀನಿ. ಮೆಟ್ಟಿಲು ಕಾಣದೆ ಎರಡು ಸಲ ಬಿದ್ದೆ. ನನ್ನ ವಿಶ್ವಾಸ ಇನ್ನೂ ಸಾಲದು ಅಂತ ಕಾಣುತ್ತೆ."

ಅವರು ಅಳುತ್ತಿರಲಿಲ್ಲ. ಪಾಠ ಒಪ್ಪಿಸಲಾಗದ ವಿದ್ಯಾರ್ಥಿಯ ಹಾಗೆ ನಾಚಿಕೊಂಡು ಹೇಳಿದ್ದರು. ಅದು ಅವನ ಕರುಳಿಗೆ ನಾಟಿತು. ಇಷ್ಟು ವರ್ಷ ಬೆರಳು ಮಡಿಚಿ ಲೆಕ್ಕ ಹಾಕಿದ ಎಡವಿದವರಲ್ಲಿ ಒಬ್ಬರ ನೆರವೂ ಈಗ ಅವನಿಗೆ ಸಿಗಲಿಲ್ಲ. ನೆನಪಾದವನು ದಾರಿ ಬದಿಯ ಕುರುಡ ಭಿಕ್ಷುಕ. ನಿನಗೇನು ಬೇಕು ಎಂದು ಯೇಸು ಕೇಳಿದಾಗ, ನೆರೆದ ಜನಕ್ಕೆ ನಾಚದೆ, ಕಣ್ಣು ಬೇಕು ಎಂದವನು. ನನಗೆ ಚೆನ್ನಾಗಿ ಕಾಣುತ್ತದೆ ಎಂದು ಹಟ ಹಿಡಿದ ಒಬ್ಬನಾದರೂ ವಾಸಿಯಾದ ಕಥೆ ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

"ಟೀಚರಮ್ಮ," ಎಂದ. "ಮಿಷನ್ ಕೆಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಕಣ್ಣು. ನಾನು ಪವಾಡ ಅಂದಿದ್ದು ಪೊರೆ. ನನಗೆ ಅದು ಗೊತ್ತಾಗಬೇಕಿತ್ತು, ನನ್ನ ಕಸುಬೇ ಅದು. ಈ ವಾರ ಗೊತ್ತಾದ ಮೇಲೂ ಅಕ್ಕನ ಹತ್ರ ಸುಳ್ಳು ಹೇಳಿದೆ, ಈಗ ನಿಮ್ಮೆಲ್ಲರ ಮುಂದೆ ಮತ್ತೆ ಹೇಳಿದೆ. ನಿಮ್ಮ ವಿಶ್ವಾಸಕ್ಕೆ ಏನೂ ಕಮ್ಮಿ ಇಲ್ಲ. ನನ್ನ ಮಾತು ನಂಬಿದ್ದೊಂದೇ ತಪ್ಪು."

ಬಸ್ ಡ್ರೈವರಿಗೆ ತಡೆಯಲಾಗಲಿಲ್ಲ. "ಸುಮ್ನಿರಿ ಅಣ್ಣ, ಹದ್ದಿನ ಕಣ್ಣು ನಿಮ್ಮದು, ಏನೇನೋ ಹೇಳ್ಬೇಡಿ."

ಅಕ್ಕ ಎದ್ದು ನಿಂತಳು. ಅವಳ ಮುಖ ಗಂಟಿಕ್ಕಿತ್ತು. ಆ ದಿನದ ಹಾಡುಗಳ ನಂಬರ್ ತೂಗುಹಾಕಿದ್ದ ಹಲಗೆ ಆಚೆ ಗೋಡೆಯ ಮೇಲಿತ್ತು. ಅದರ ಕಡೆ ಕೈತೋರಿಸಿ, "ಓದು ಅದನ್ನ," ಎಂದಳು.

ಅವನು ನೋಡಿದ. ಕಪ್ಪು ಹಲಗೆಯ ಮೇಲೆ ಬಿಳಿಯ ಮೂರು ಮಸುಕು ಗುರುತುಗಳು. ಈಗಷ್ಟೇ ಹಾಡಿದ ಹಾಡುಗಳು, ನೆನಪಿನಿಂದ ಮೂರೂ ನಂಬರ್ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದೂ ಬಿಟ್ಟಿದ್ದವು.

"ಕಾಣಲ್ಲ, ಅಕ್ಕ," ಎಂದ.

ಟೀಚರಮ್ಮ ಅವನ ಕಡೆ ತಿರುಗಿ, "ಎಂಟು ತಿಂಗಳು ನನ್ನನ್ನ ನಾನೇ ಬೈಕೊಂಡೆನಲ್ಲೋ," ಎಂದರು. ಅವನು ತಲೆ ಎತ್ತಲಿಲ್ಲ. ಅವರು ಊರುಗೋಲು ತಡಕಿ ಎದ್ದರು. "ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗ್ತೀನಿ. ನೀನೂ ಬಾ. ಮೊದಲು ನಿನ್ನ ಕಣ್ಣು ಕುಯ್ಯಲಿ, ನಾನು ನೋಡ್ತೀನಿ."

ಯಾರೋ ಕಿಸಕ್ಕನೆ ನಕ್ಕರು. ಅಕ್ಕನ ಮುಖದ ಗಂಟೂ ಸಡಿಲವಾಯಿತು. ಅವಳು ಸಾಲುಗಳ ನಡುವೆ ಬಂದು ಒಂದು ಕೈಯಲ್ಲಿ ಟೀಚರಮ್ಮನ ತೋಳನ್ನೂ ಇನ್ನೊಂದರಲ್ಲಿ ತಮ್ಮನ ತೋಳನ್ನೂ ಹಿಡಿದಳು.

"ನೀವಿಬ್ಬರೇ ಹೋದ್ರೆ ಯಾವ ಬಸ್ ಹತ್ತುತ್ತೀರೋ ದೇವರಿಗೇ ಗೊತ್ತು. ಅರ್ಧ ದಿನ ರಜೆ ಹಾಕಿ ನಾನೂ ಬರ್ತೀನಿ. ಸದ್ಯಕ್ಕೆ ಈ ಮೂವರಲ್ಲಿ ಕಣ್ಣು ಕಾಣೋದು ನನಗೊಬ್ಬಳಿಗೇ."